ರಾಜಣ್ಣ ಮೊಟ್ಟೆ ಇಟ್ಟ ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ, ರಾಜಣ್ಣ ಈಗ ಚೆನ್ನಾಗಿದ್ದಾಳೆ. ಹೌದು, ರಾಜಣ್ಣ, ಚೆನ್ನಾಗಿದ್ದಾಳೆ. ಅದು ಹೇಗೆ ಅಂತ ಮುಂದೆ ಗೊತ್ತಾಗುತ್ತದೆ. ನಿಮ್ಮ ಮನೆಯ ಬಡ್ಜಿ, ಅಂದರೆ ಪಂಜರದಲ್ಲಿ ಸಾಕುವ ಪುಟ್ಟ ಗಿಳಿ, ಸರಿಯಾಗಿ ತಿನ್ನುತ್ತಿಲ್ಲ ಅಂತ ಗಾಬರಿಯಲ್ಲಿ ಇದನ್ನು ಓದುತ್ತಿದ್ದರೆ, ಓದುವುದನ್ನು ಇಲ್ಲೇ ಬಿಟ್ಟು ಮೊದಲು ಹಕ್ಕಿಯನ್ನು ತೂಕ ಹಾಕಿ ಬನ್ನಿ. ನಾನು ಆ ಒಂದು ಕೆಲಸಕ್ಕೆ ಒಂದು ವಾರ ತಡ ಮಾಡಿದೆ.

ನಾವಿರುವುದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದ ಕ್ವಾರ್ಟರ್ಸ್‌ನಲ್ಲಿ. ಇವರು ಅಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ಕಳೆದ ವರ್ಷ ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ ವಾರ, ಮಗನ ಹಟಕ್ಕೆ ಪೇಟೆಯಿಂದ ಒಂದು ಹಸಿರು ಬಡ್ಜಿ ತಂದೆವು. ನಮ್ಮ ಕಡೆ ಅಂಗಡಿಯವರು ಅದನ್ನು ಲವ್ ಬರ್ಡ್ ಅಂತಲೇ ಮಾರುತ್ತಾರೆ. ಬೆಲೆ 300 ರೂಪಾಯಿ. ಗಂಡು ಬಡ್ಜಿ ಬೇಗ ಮಾತು ಕಲಿಯುತ್ತದೆ ಅಂತ ಯಾರೋ ಹೇಳಿದ್ದರು, ಗಂಡೇ ಬೇಕು ಅಂತ ಕೇಳಿದ್ದೆವು. ಅಂಗಡಿಯವನು ಕೊಕ್ಕಿನ ಮೇಲಿನ ಮೂಗು ತೋರಿಸಿ, "ನೋಡಿ ಅಕ್ಕ, ನೀಲಿ ಇದೆ, ಪಕ್ಕಾ ಗಂಡು" ಅಂದ. ಮಗ ಬಸ್ಸಿನಲ್ಲೇ ರಾಜಣ್ಣ ಅಂತ ಹೆಸರಿಟ್ಟ.

ಜೂನ್‌ನಲ್ಲಿ ಮಳೆ ಹಿಡಿಯಿತು. ಅದೇ ಹೊತ್ತಿಗೆ ರಾಜಣ್ಣನ ಮೂಗಿನ ಬಣ್ಣ ಬದಲಾಗತೊಡಗಿತು. ಮೂಗಿನ ತೂತುಗಳಿರುವ ಆ ಮೆತ್ತನೆ ಜಾಗಕ್ಕೆ ಸಿಯರ್ ಅನ್ನುತ್ತಾರೆ. ಮೊದಲು ಮಾಸಲು ಬಿಳಿ, ಆಮೇಲೆ ಕಂದು, ಕೊನೆಗೆ ಕಾಫಿ ಪುಡಿ ಒದ್ದೆಯಾಗಿ ಅಂಟಿ ಒಣಗಿದ ಹಾಗೆ ದೊರಗು. ಹುಳುಕಡ್ಡಿ ಇರಬೇಕು ಅಂತ ಅತ್ತೆ ಕೊಬ್ಬರಿ ಎಣ್ಣೆ ಹಚ್ಚಲು ಹೊರಟರು. ಹಕ್ಕಿ ಕಚ್ಚಿದ ಕಾರಣ ಆ ಕೆಲಸ ಆಗಲಿಲ್ಲ, ಪುಣ್ಯ. ಎಣ್ಣೆ ಮೂಗಿಗೆ ಇಳಿದಿದ್ದರೆ ಉಸಿರಿಗೇ ಕುತ್ತು.

ಸ್ವಭಾವವೂ ಬದಲಾಯಿತು. ಬೆರಳ ಮೇಲೆ ಕೂರುತ್ತಿದ್ದ ಹಕ್ಕಿ ಬೆರಳು ಕಂಡರೆ ಬಾಯಿ ತೆರೆದು ಬರುತ್ತಿತ್ತು. ಹಗಲು ಪಂಜರದ ಬಾಗಿಲು ತೆರೆದೇ ಇಡುತ್ತಿದ್ದೆವು, ಹಾಲ್‌ನಲ್ಲಿ ಹಾರಾಡಿಕೊಂಡಿರಲಿ ಅಂತ. ಬಾಗಿಲ ಹಿಂದೆ ಇವರ ಹಳೇ ಗಂಬೂಟು ಇತ್ತು. ಒದ್ದೆ ಬೂಟು ಒಣಗಲಿ ಅಂತ ಒಳಗೆ ಪೇಪರ್ ತುರುಕಿ ಅಡ್ಡ ಮಲಗಿಸಿಡುವುದು ನಮ್ಮಲ್ಲಿ ಮಾಮೂಲು. ಒಂದು ದಿನ ಹಕ್ಕಿ ಎಲ್ಲೂ ಕಾಣಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಕೂತಾಗ ಬೂಟಿನೊಳಗಿಂದ ಪರಪರ ಪೇಪರ್ ಹರಿಯುವ ಸದ್ದು. ನಾವು ನಕ್ಕೆವು. ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದೆವು.

ನಗುವುದಕ್ಕಿರಲಿಲ್ಲ. ಜುಲೈ ಎರಡನೇ ವಾರಕ್ಕೆ ಅದು ದಿನದ ಮುಕ್ಕಾಲು ಪಾಲು ಬೂಟಿನೊಳಗೇ ಇರುತ್ತಿತ್ತು. ಬೆಳಗ್ಗೆ ಒಮ್ಮೆ ಹೊರಗೆ ಬಂದು, ಗೋಲಿ ಗಾತ್ರದ, ಮೂಗು ಮುಚ್ಚಿಕೊಳ್ಳಬೇಕಾದ ಹಿಕ್ಕೆ ಹಾಕಿ ಮತ್ತೆ ಒಳಗೆ. ಊಟದ ಬಟ್ಟಲು ಮಾತ್ರ ಯಾವಾಗಲೂ ತುಂಬಿರುತ್ತಿತ್ತು. ಇದು ತುಂಬಾ ಜನ ಮೋಸ ಹೋಗುವ ಜಾಗ. ಬಡ್ಜಿ ನವಣೆ ಕಾಳು ಸುಲಿದು ಹೊಟ್ಟನ್ನು ಅಲ್ಲೇ ಉದುರಿಸುತ್ತದೆ. ಮೇಲಿಂದ ನೋಡಿದರೆ ಬಟ್ಟಲು ತುಂಬಾ ಕಾಳು. ಬಾಯಿಂದ ಉಫ್ ಅಂತ ಊದಿದರೆ ಹೊಟ್ಟೆಲ್ಲ ಹಾರಿಹೋಗಬೇಕು. ನಾನು ಊದಿ ನೋಡಿದಾಗ ನಮ್ಮ ಬಟ್ಟಲಲ್ಲಿ ಹೊಟ್ಟೇ ಹಾರಲಿಲ್ಲ. ಹಿಂದಿನ ದಿನ ಹಾಕಿದ ಕಾಳು ಹಾಗೇ ಇತ್ತು. ಎದೆ ಧಸಕ್ಕೆಂದಿತು ನನಗೆ.

ಅಲ್ಲಿಂದ ಮುಂದೆ ನಾವು ಮಾಡಿದ್ದೆಲ್ಲ ಪ್ರೀತಿಯಿಂದ ಮಾಡಿದ್ದು, ಎಲ್ಲವೂ ತಪ್ಪೇ. ಚಳಿಗೆ ಹೀಗಾಗಿರಬೇಕು ಅಂತ ಪಂಜರದ ಪಕ್ಕ ರಾತ್ರಿಯಿಡೀ ಬಲ್ಬ್ ಉರಿಸಿದೆವು. ಶಕ್ತಿ ಬರಲಿ ಅಂತ ನೆನೆಸಿ ಮೊಳಕೆ ಬರಿಸಿದ ಹೆಸರುಕಾಳು, ಬೇಯಿಸಿದ ಮೊಟ್ಟೆ ಕೊಟ್ಟೆವು. ಬೇಜಾರಾಗದಿರಲಿ ಅಂತ ಮಗ ಬೆನ್ನು ಸವರುತ್ತಾ ಕೂತ. ಬೂಟನ್ನಂತೂ ಅಲ್ಲೇ ಬಿಟ್ಟೆವು. ಪಾಪ, ಅಲ್ಲಿ ಬೆಚ್ಚಗಿದೆಯಲ್ಲ ಅಂತ.

ಪೇಟೆಯ ಅಂಗಡಿಯವನನ್ನು ಕೇಳಿದರೆ ಹಳದಿ ಆಂಟಿಬಯೋಟಿಕ್ ಪುಡಿಯ ಪೊಟ್ಟಣ ಕೊಟ್ಟು, "ನೀರಿಗೆ ಹಾಕಿ, ಎಲ್ಲ ಕಾಯಿಲೆಗೂ ಆಗುತ್ತೆ" ಅಂದ. ಹಾಕಿದೆ. ನೀರಿನ ಬಣ್ಣ, ರುಚಿ ಬದಲಾಗಿ ಹಕ್ಕಿ ನೀರನ್ನೂ ಬಿಟ್ಟಿತು. ಏನು ಕಾಯಿಲೆ ಅಂತ ಗೊತ್ತಿಲ್ಲದೆ ಆಂಟಿಬಯೋಟಿಕ್ ಕೊಡಬಾರದು ಅಂತ ನನಗೆ ಗೊತ್ತಿತ್ತು. ಮನುಷ್ಯರ ವಿಷಯದಲ್ಲಿ ಗೊತ್ತಿತ್ತು, ಹಕ್ಕಿ ವಿಷಯದಲ್ಲಿ ಹೊಳೆಯಲಿಲ್ಲ.

ಇಲ್ಲಿನ ಪಶು ಆಸ್ಪತ್ರೆಗೂ ಹೋದೆ. ಡಾಕ್ಟ್ರು ಒಳ್ಳೆಯವರು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ದನ, ಹಂದಿ, ನಾಯಿ ಆದರೆ ನಾನು ನೋಡ್ತೀನಮ್ಮ. ಮೂವತ್ತು ಗ್ರಾಂ ಹಕ್ಕಿಗೆ ಒಂದು ಹನಿ ಹೆಚ್ಚಾದರೂ ಕಷ್ಟ. ಮೈಸೂರಲ್ಲಿ ಹಕ್ಕಿ ನೋಡೋರ ಹತ್ತಿರ ಹೋಗಿ." ಚೀಟಿಯಲ್ಲಿ ಒಂದು ನಂಬರ್ ಬರೆದುಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಫೋನ್ ಮಾಡಿದರೆ ಎರಡು ದಿನ ಬಿಟ್ಟು ಶುಕ್ರವಾರ ಹನ್ನೊಂದೂವರೆಗೆ ಬರಲು ಹೇಳಿದರು. ಜತೆಗೆ ಮೂರು ಪ್ರಶ್ನೆ. ತೂಕ ಎಷ್ಟು? ದಿನಕ್ಕೆ ಎಷ್ಟು ಹಿಕ್ಕೆ? ವಾಂತಿ ಮಾಡುತ್ತಿದೆಯಾ? ಒಂದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ನೀವು ಫೋನ್ ಮಾಡುವ ಮುಂಚೆ ಇದನ್ನೆಲ್ಲ ಬರೆದಿಟ್ಟುಕೊಳ್ಳಿ. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿ ಒಂದು ದಿನ ಬಿಟ್ಟರೆ ಹಿಕ್ಕೆ ಎಣಿಸಬಹುದು. ಚೆನ್ನಾಗಿರುವ ಬಡ್ಜಿ ದಿನಕ್ಕೆ ನಲವತ್ತರ ಆಸುಪಾಸು ಹಾಕುತ್ತದೆ. ನಮ್ಮದು ಹದಿಮೂರು. ಪೂರ್ತಿ ಊಟ ಬಿಟ್ಟಿರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಪೂರ್ತಿ ಬಿಟ್ಟಿದ್ದರೆ ಅಷ್ಟು ಚಿಕ್ಕ ಜೀವ ಒಂದೆರಡು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ.

ತಕ್ಕಡಿಗೆ ಪಕ್ಕದ ಮನೆ ಅಕ್ಕನ ಹತ್ತಿರ ಹೋದೆ. ಅವರು ಮನೆಯಲ್ಲೇ ಚಾಕಲೇಟ್ ಮಾಡಿ ಮಾರುತ್ತಾರೆ, ಒಂದೊಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಟ್ಟಿದ್ದಾರೆ. ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ, ಹಕ್ಕಿಯನ್ನು ಡಬ್ಬಿಗೆ ಬಿಟ್ಟು ಮೇಲೆ ಬಟ್ಟೆ ಮುಚ್ಚಿದೆ. 31 ಗ್ರಾಂ. ಹೆಚ್ಚೋ ಕಡಿಮೆಯೋ ಗೊತ್ತಿಲ್ಲ, ಮುಂಚಿನ ತೂಕ ಬರೆದಿಟ್ಟಿದ್ದರೆ ತಾನೇ.

ಅದೇ ಅಕ್ಕ ಒಳಗಿಂದ ಒಂದು ದೊಡ್ಡ ಬೆಣ್ಣೆಹಣ್ಣು ತಂದುಕೊಟ್ಟರು. "ಮೆತ್ತಗಿದೆ, ಇದನ್ನೇ ಕಿವುಚಿ ಕೊಡು, ಹಲ್ಲಿಲ್ಲದ ಮಕ್ಕಳೂ ತಿಂತವೆ." ಜುಲೈನಲ್ಲಿ ಕೊಡಗಿನ ಯಾವ ತೋಟದಲ್ಲಿ ಬೆಣ್ಣೆಹಣ್ಣು ಇಲ್ಲ ಹೇಳಿ? ಮನೆಗೆ ಬಂದು ಚಮಚದಲ್ಲಿ ತೆಗೆದೂ ಆಗಿತ್ತು. ಯಾಕೋ ಒಂದು ಸಲ ಕ್ಲಿನಿಕ್‌ಗೆ ಕೇಳಿಬಿಡೋಣ ಅನ್ನಿಸಿತು. ಫೋನ್ ತೆಗೆದ ಹುಡುಗಿ ಕೂಗಿಯೇಬಿಟ್ಟಳು. ಬೆಣ್ಣೆಹಣ್ಣು ಹಕ್ಕಿಗಳಿಗೆ ವಿಷ. ಸ್ವಲ್ಪವೇ ಸಾಕು, ಹೃದಯಕ್ಕೆ ಹೊಡೆಯುತ್ತದೆ. ಕಾಫಿ, ಚಾಕಲೇಟ್ ಕೂಡ ಆಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹಕ್ಕಿ ಸಾಕುವವರೆಲ್ಲ ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು, ಮೂರೂ ನಮ್ಮ ಮನೆಯಲ್ಲೇ ಬೆಳೆಯುವ, ಮಾಡುವ ವಸ್ತು. ಚಳಿಗೆ ಅಂತ ಪಂಜರವನ್ನು ಸೌದೆ ಒಲೆ ಪಕ್ಕ ಇಡುವುದೂ ಬೇಡ, ಹೊಗೆ ಅವುಗಳ ಶ್ವಾಸಕ್ಕೆ ತಡೆಯುವುದಿಲ್ಲ.

ಶುಕ್ರವಾರ ಬೆಳಗ್ಗೆ ಆರೂವರೆ ಬಸ್ಸು. ಪಂಜರ ದೊಡ್ಡದು, ಹಾಗಾಗಿ ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆ. ಕೆಳಗೆ ಟವೆಲ್, ಮೇಲೆ ಒಂದು ಹಿಡಿ ನವಣೆ. ನೀರಿನ ಬಟ್ಟಲು ಇಟ್ಟರೆ ಚೆಲ್ಲಿ ಹಕ್ಕಿ ಒದ್ದೆಯಾಗುತ್ತದೆ, ಬದಲಿಗೆ ಸೌತೆಕಾಯಿ ಹೋಳು ಇಡಿ. ಹಿಂದಿನ ದಿನದ ಹಿಕ್ಕೆ ಕಾಗದವನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡೆ. ಫಾರೆಸ್ಟ್‌ನವರು ಹಿಡಿಯುತ್ತಾರೆ ಅಂತ ಇವರ ಜತೆ ಕೆಲಸ ಮಾಡುವವರೊಬ್ಬರು ಹೆದರಿಸಿದ್ದರು. ಅದು ನಮ್ಮ ಕಾಡಿನ ಗಿಳಿಗಳ ವಿಷಯ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅವನ್ನು ಸಾಕುವ ಹಾಗಿಲ್ಲ. ಬಡ್ಜಿ ಆಸ್ಟ್ರೇಲಿಯಾದ ಹಕ್ಕಿ, ಸಾಕಬಹುದು.

ಕಂಡಕ್ಟರ್ ಬಂದರು. ನಾನು ಆಧಾರ್ ತೋರಿಸಿದೆ, ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಹರಿದರು. ಪೆಟ್ಟಿಗೆಯೊಳಗಿಂದ ಚಿಂವ್ ಅಂತು. "ಏನಮ್ಮ ಅದು?" "ಹಕ್ಕಿ ಸರ್." "ಅದಕ್ಕೆ ಅರ್ಧ ಟಿಕೆಟ್ ಆಗುತ್ತೆ." ಮಷಿನ್‌ನಲ್ಲಿ ಒತ್ತಿ ಕೊಟ್ಟರು. ನೂರು ಕಿಲೋಮೀಟರ್ ನಾನು ಬಿಟ್ಟಿ, ರಾಜಣ್ಣ ದುಡ್ಡು ಕೊಟ್ಟು. ಪಕ್ಕದ ಸೀಟಿನ ಅಜ್ಜಿ ನಗುತ್ತಾ, "ಗಂಡು ಇರಬೇಕು ಬಿಡು, ಹೆಣ್ಣಾಗಿದ್ರೆ ಫ್ರೀ" ಅಂದರು. ಅಜ್ಜಿಗೆ ಏನು ಗೊತ್ತು, ನನಗೇ ಗೊತ್ತಿರಲಿಲ್ಲ.

ಆನೆಕಾಡಿನ ಹತ್ತಿರ ಮರ ಬಿದ್ದು ಒಂದು ಗಂಟೆ ನಿಂತೆವು. ಮಳೆ ಕಿಟಕಿಗೆ ಹೊಡೆಯುತ್ತಿತ್ತು. ನಾನು ಪೆಟ್ಟಿಗೆಯನ್ನು ಸ್ವೆಟರ್ ಒಳಗೆ ಇಟ್ಟುಕೊಂಡೆ. ಮರ ಕೊಯ್ಯುವ ಮಷಿನ್ ಸದ್ದಿನ ನಡುವೆ ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳುವುದು, ಕಾಲು ಸರಿದ ಸದ್ದು ಬಂದರೆ ಉಸಿರು ಬಿಡುವುದು. ಅಷ್ಟೇ ಕೆಲಸ. ಕುಶಾಲನಗರ ದಾಟಿ ಬೈಲಕುಪ್ಪೆ ಬರುವ ಹೊತ್ತಿಗೆ ಬಿಸಿಲು ಬಿತ್ತು. ಮೈಸೂರು ಮುಟ್ಟಿದಾಗ ಹನ್ನೊಂದು ದಾಟಿತ್ತು. ಸರದಿಯಲ್ಲಿ ನನ್ನ ಮುಂದೆ ಎರಡು ಪಾರಿವಾಳ, ಒಂದು ಮೊಲ.

ಡಾಕ್ಟ್ರು ಪೆಟ್ಟಿಗೆ ತೆರೆದವರೇ ಕೇಳಿದರು, "ಇವಳ ಹೆಸರೇನು?"

"ರಾಜಣ್ಣ."

ಒಂದು ಕ್ಷಣ ನನ್ನನ್ನೇ ನೋಡಿದರು. ಮರಿಯಾಗಿದ್ದಾಗ ತಿಳಿನೀಲಿ ಮೂಗು, ತೂತಿನ ಸುತ್ತ ಬಿಳಿ ಬಳೆ ಇದ್ದರೆ ಅದು ಹೆಣ್ಣಂತೆ. ಗಂಡಿನದು ಮರಿಯಲ್ಲಿ ನಸುಗೆಂಪು, ದೊಡ್ಡದಾದ ಮೇಲೆ ಗಾಢ ನೀಲಿ. ಕಂದು, ದೊರಗು ಅಂದರೆ ಹುಳುಕಡ್ಡಿ ಅಲ್ಲ, ಹೆಣ್ಣು ಮೊಟ್ಟೆ ಇಡುವ ಹದಕ್ಕೆ ಬಂದಿದೆ ಅಂತ.

ಬೂಟಿನ ವಿಡಿಯೋ ನೋಡಿ ಅವರು ಹೇಳಿದ್ದು ನನಗೆ ಇಡೀ ಕತೆಯನ್ನೇ ತಿರುಗಿಸಿಬಿಟ್ಟಿತು. ಬಡ್ಜಿಗಳ ಊರು ಒಣ ನಾಡು. ಅಲ್ಲಿ ಮಳೆ ಬಂದರೆ ಹುಲ್ಲಿಗೆ ಬೀಜ ಬರುತ್ತದೆ, ಆಗ ಅವು ಗೂಡು ಮಾಡುತ್ತವೆ. "ನಿಮ್ಮೂರಲ್ಲಿ ಮಳೆ ನಿಲ್ಲೋದೇ ಇಲ್ಲ. ಊಟ ಭರ್ತಿ, ರಾತ್ರಿಯಿಡೀ ಬೆಳಕು, ಕತ್ತಲೆ ಬಿಲ ಒಂದು. ಮೇಲೆ ನಿಮ್ಮ ಮಗ ಬೆನ್ನು ಬೇರೆ ಸವರ್ತಾನೆ. ಇನ್ನೇನು ಬೇಕು ಇವಳಿಗೆ?" ಗೂಡು ಹಿಡಿದ ಹೆಣ್ಣು ಜಾಗ ಬಿಟ್ಟು ಏಳುವುದು ಕಡಿಮೆ. ಗಂಡು ಹಕ್ಕಿ ಬಂದು ಬಾಯಿಗೆ ಬಾಯಿಟ್ಟು ತಿನ್ನಿಸುತ್ತದೆ. ನಮ್ಮಲ್ಲಿ ತಿನ್ನಿಸಲು ಯಾರಿದ್ದಾರೆ? ಅವಳಿಗೆ ಊಟ ಬೇಡವಾಗಿರಲಿಲ್ಲ. ಯಾರಾದರೂ ತಂದುಕೊಡಲಿ ಅಂತ ಕಾಯುತ್ತಾ ಕೂತಿದ್ದಳು.

ಹಾಗಂತ ಹಾರ್ಮೋನ್ ಅಂತ ತೀರ್ಮಾನಿಸಿ ನೀವು ಮನೆಯಲ್ಲೇ ಕೂರಬೇಡಿ. ಡಾಕ್ಟ್ರು ಮೊದಲು ಬೇರೆ ಎಲ್ಲವನ್ನೂ ನೋಡಿದರು. ಎದೆಯ ಮೂಳೆ ಸವರಿದರು, ಚೂಪಾಗಿತ್ತು, ಅಂದರೆ ಮಾಂಸ ಕರಗಿದೆ. ಹೊಟ್ಟೆ ಮುಟ್ಟಿ ಮೊಟ್ಟೆ ಸಿಕ್ಕಿಕೊಂಡಿದೆಯಾ ನೋಡಿದರು, ಇರಲಿಲ್ಲ. ಹಿಕ್ಕೆಯನ್ನು ಮೈಕ್ರೋಸ್ಕೋಪ್ ಕೆಳಗಿಟ್ಟರು. ಬಡ್ಜಿಗಳ ಹೊಟ್ಟೆಯಲ್ಲಿ ಬೆಳೆಯುವ ಒಂದು ಬಗೆಯ ಯೀಸ್ಟ್ ಇದೆ, ಅದು ಹಿಡಿದರೆ ತಿಂದರೂ ಸವೆಯುತ್ತಾ ಹೋಗುತ್ತವೆ, ಹಿಕ್ಕೆಯಲ್ಲಿ ಅರೆಯದ ಕಾಳು ಕಾಣುತ್ತದೆ. ಅದೂ ಇರಲಿಲ್ಲ. ತೂಕ 30 ಗ್ರಾಂ. ಸಣ್ಣ ಟ್ಯೂಬಿನಲ್ಲಿ ಗಂಟಲ ಚೀಲಕ್ಕೇ ತಿಳಿ ಊಟ ಇಳಿಸಿದರು. ಇದನ್ನು ಮನೆಯಲ್ಲಿ ಸಿರಿಂಜ್ ಹಿಡಿದು ಪ್ರಯತ್ನಿಸಬೇಡಿ, ಉಸಿರಿನ ದಾರಿಗೆ ಹೋದರೆ ಕೈಯಲ್ಲೇ ಸಾಯುತ್ತದೆ ಅಂತ ಎರಡು ಸಲ ಹೇಳಿದರು. ಹಾರ್ಮೋನ್ ತಡೆಯುವ ಇಂಜೆಕ್ಷನ್ ಇದೆಯಂತೆ, ಆದರೆ ಅದು ಮೊದಲ ಮದ್ದಲ್ಲ.

ನೋಡಿದ್ದಕ್ಕೆ 400, ಹಿಕ್ಕೆ ಪರೀಕ್ಷೆಗೆ 200, ಊಟ ಇಳಿಸಿದ್ದಕ್ಕೆ 150, ಕ್ಯಾಲ್ಸಿಯಂ ಹನಿ 180. ಆಟೋ, ಊಟ, ರಾಜಣ್ಣನ ಎರಡು ಟಿಕೆಟ್, ಬಿಸಿನೀರಿನ ಬ್ಯಾಗು ಎಲ್ಲ ಸೇರಿ ಸುಮಾರು 1,700 ರೂಪಾಯಿ ಆಯಿತು. ಮುನ್ನೂರರ ಹಕ್ಕಿಗಾ ಅಂತ ಅತ್ತೆ ಕೇಳಲಿಲ್ಲ. ಮುಖ ಕೇಳಿತು.

ಮನೆಗೆ ಬಂದ ರಾತ್ರಿಯೇ ಬೂಟನ್ನು ಹೊರಗಿನ ಶೆಡ್ಡಿಗೆ ಹಾಕಿದೆವು. ಬಲ್ಬ್ ಆರಿತು. ಸಂಜೆ ಆರಕ್ಕೆ ಪಂಜರಕ್ಕೆ ಕಂಬಳಿ, ಬೆಳಗ್ಗೆ ಆರಕ್ಕೆ ತೆಗೆಯುವುದು. ಪೂರ್ತಿ ಹನ್ನೆರಡು ಗಂಟೆ ಕತ್ತಲು. ಕ್ವಾರ್ಟರ್ಸ್‌ನಲ್ಲಿ ಇರುವುದೇ ಒಂದು ಹಾಲ್, ಟಿವಿ ಇರುವುದೂ ಅಲ್ಲೇ. ಅತ್ತೆಯ ಧಾರಾವಾಹಿ ಹೊತ್ತಿಗೆ ಸರಿಯಾಗಿ ಕತ್ತಲೆ ಅಂದರೆ ಯೋಚಿಸಿ. ಎರಡು ದಿನ ಮಾತಿಲ್ಲ. ಮೂರನೇ ದಿನ ಅವರೇ ಫೋನ್ ಹಿಡಿದು ಅಡುಗೆಮನೆಯಲ್ಲಿ ಕೂತರು. ಬೆಚ್ಚಗಿಡಲು ಬಿಸಿನೀರಿನ ಬ್ಯಾಗಿಗೆ ಟವೆಲ್ ಸುತ್ತಿ ಪಂಜರದ ಒಂದು ಬದಿಗೆ ಒರಗಿಸುವುದು, ಇನ್ನೊಂದು ಬದಿ ತಂಪಾಗಿರಬೇಕು, ಸೆಕೆಯಾದರೆ ಸರಿದುಕೊಳ್ಳಲು. ಮೊಳಕೆ ಕಾಳು, ಮೊಟ್ಟೆ ಬಂದ್. ಪಂಜರದೊಳಗಿನ ಕಡ್ಡಿ, ಬಟ್ಟಲು, ಉಯ್ಯಾಲೆ ಎಲ್ಲ ಜಾಗ ಬದಲಾಯಿಸಿದೆವು, ಇದು ಬೇರೆ ಮನೆ ಅನ್ನಿಸಬೇಕಂತೆ. ಮಳೆಗೆ ಡಬ್ಬಿಯ ತಳದ ನವಣೆ ಮುಗ್ಗಲು ವಾಸನೆ ಬಂದಿತ್ತು, ಅದನ್ನು ಎಸೆದು ಹೊಸದು ತಂದೆವು.

ಆದರೂ ತಿನ್ನಬೇಕಲ್ಲ. ಬಡ್ಜಿಗಳು ಗುಂಪಲ್ಲಿ ತಿನ್ನುವ ಜೀವ, ಒಂದು ತಿಂದರೆ ಇನ್ನೊಂದು ತಿನ್ನುತ್ತದೆ ಅಂತ ಡಾಕ್ಟ್ರು ಹೇಳಿದ್ದರು. ಮೇಜಿನ ಮೇಲೆ ಬಿಳಿ ಕಾಗದ ಹಾಸಿ ನವಣೆ ಚೆಲ್ಲಿದೆ. ತೋರುಬೆರಳ ಉಗುರಿನಿಂದ ಟಕ್ ಟಕ್ ಅಂತ ಕಾಳು ಕುಟ್ಟತೊಡಗಿದೆ. ಹತ್ತು ನಿಮಿಷ ಏನೂ ಇಲ್ಲ. ಪಂಜರದ ಬಾಗಿಲಲ್ಲಿ ಕೂತು ಒಂದು ಕಣ್ಣಲ್ಲಿ ನೋಡುತ್ತಿದ್ದಳು. ಆಮೇಲೆ ಕೊಕ್ಕಿನಿಂದ ಸರಳು ಹಿಡಿದು ಇಳಿದು, ಒಂದು ಗೇಣು ದೂರದಲ್ಲಿ ನಿಂತಳು. ನಾನು ಕುಟ್ಟಿದೆ. ಅವಳೂ ಕುಟ್ಟಿದಳು. ಕಾಯಿಲೆ ಹಕ್ಕಿಗಳು ತಿಂದ ಹಾಗೆ ನಟಿಸುತ್ತವೆ, ಅದಕ್ಕೇ ನಾನು ಕೊಕ್ಕನ್ನೇ ನೋಡುತ್ತಿದ್ದೆ. ಒಂದು ಕಾಳು ಎತ್ತಿಕೊಂಡಳು. ದಪ್ಪ ಕಪ್ಪು ನಾಲಗೆಯಲ್ಲಿ ಅದನ್ನು ಉರುಳಿಸಿದಳು. ಕೊಕ್ಕಿನ ಬದಿಯಿಂದ ಹಳದಿ ಹೊಟ್ಟು ಎರಡು ಹೋಳಾಗಿ ಕಾಗದದ ಮೇಲೆ ಬಿತ್ತು. ಮಗ "ಅಮ್ಮಾ" ಅಂತ ಕಿರುಚಲು ಹೋದ, ಬಾಯಿ ಮುಚ್ಚಿದೆ. ಆ ಮಧ್ಯಾಹ್ನ ಅರ್ಧ ಗಂಟೆ ಹಾಗೇ ಕುಟ್ಟಿದೆ, ಉಗುರು ನೋವು ಬಂತು.

ತೂಕ 32, 33, 34. ಬೆಳಗ್ಗೆ ಊಟಕ್ಕೆ ಮುಂಚೆ, ಹಿಕ್ಕೆ ಹಾಕಿದ ಮೇಲೆ, ದಿನಾ ಒಂದೇ ಹೊತ್ತಿಗೆ ನೋಡಬೇಕು. ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದೆವು. ಗೆದ್ದೆವು ಅಂದುಕೊಂಡೆ.

ಐದನೇ ದಿನ ಕಂಬಳಿ ತೆಗೆದ ಮಗ ಮನೆ ಹಾರಿಹೋಗುವ ಹಾಗೆ ಕೂಗಿದ. "ರಾಜಣ್ಣ ಮೊಟ್ಟೆ ಇಟ್ಟ!"

ಪಂಜರದ ಮೂಲೆಯಲ್ಲಿ ಬಿಳಿ ಮೊಟ್ಟೆ, ನನ್ನ ಕಿರುಬೆರಳ ತುದಿಯಷ್ಟು. ಹೊಟ್ಟೆ ಮುಟ್ಟಿದಾಗ ಇರಲಿಲ್ಲ ಅಂದಿದ್ದರಲ್ಲ ಅಂತ ಸಿಟ್ಟಲ್ಲೇ ಫೋನ್ ಮಾಡಿದೆ. ಒಂದು ಮೊಟ್ಟೆ ತಯಾರಾಗಲು ಎರಡು ದಿನ ಸಾಕಂತೆ, ಅವತ್ತು ನಿಜಕ್ಕೂ ಇರಲಿಲ್ಲ. ತೆಗೆದು ಎಸೆಯಲಾ ಅಂತ ಕೇಳಿದ್ದಕ್ಕೆ, "ಎಸೆದರೆ ಕಡಿಮೆ ಬಿತ್ತು ಅಂತ ಇನ್ನೊಂದು ಇಡ್ತಾಳೆ. ಒಂದೊಂದಕ್ಕೂ ಮೈಯ ಕ್ಯಾಲ್ಸಿಯಂ ಹೋಗುತ್ತೆ. ಅಲ್ಲೇ ಬಿಡಿ, ಬೇಜಾರಾಗಿ ಅವಳೇ ಏಳಲಿ." ಗಂಡಿಲ್ಲದ ಮೊಟ್ಟೆ, ಮರಿ ಆಗುವುದಿಲ್ಲ. ಹೆದರಬೇಕಾದದ್ದು ಒಂದಕ್ಕೆ. ಮೈ ಉಬ್ಬಿಸಿಕೊಂಡು ತಳದಲ್ಲಿ ಕೂತು, ಬಾಲ ಮೇಲೆ ಕೆಳಗೆ ಆಡಿಸುತ್ತಾ ಮುಕ್ಕರಿಯುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ ಅಂತ. ಆಗ ಅಪಾಯಿಂಟ್‌ಮೆಂಟ್ ಕಾಯಬಾರದು, ಯಾವ ಬಸ್ಸು ಸಿಕ್ಕಿದರೆ ಅದಕ್ಕೆ ಹತ್ತಬೇಕು.

ದಿನ ಬಿಟ್ಟು ದಿನ ಒಂದರಂತೆ ನಾಲ್ಕು ಇಟ್ಟಳು. ಪ್ರತಿ ಸಲ ಮುನ್ನಾದಿನ ರಾತ್ರಿ ನನಗೆ ನಿದ್ದೆ ಇಲ್ಲ. ಆಗಂತೂ ಅವಳು ಮೂಲೆ ಬಿಟ್ಟು ಏಳುತ್ತಲೇ ಇರಲಿಲ್ಲ, ತೂಕ ಮತ್ತೆ 32. ಬೂಟನ್ನೇನೋ ಕಿತ್ತುಕೊಂಡೆವು, ಮೊಟ್ಟೆ ಕಿತ್ತುಕೊಳ್ಳುವ ಹಾಗಿಲ್ಲ. ಹಾಗಾಗಿ ಊಟವನ್ನೇ ಅವಳ ಹತ್ತಿರ ತಂದೆವು. ಕೊಕ್ಕು ಚಾಚಿದರೆ ಸಿಗುವ ಹಾಗೆ ಬಾಟಲಿ ಮುಚ್ಚಳದಲ್ಲಿ ಕಾಳು, ಇನ್ನೊಂದರಲ್ಲಿ ನೀರು, ಪಕ್ಕದ ಸರಳಿಗೆ ಕ್ಯಾಲ್ಸಿಯಂಗೆ ಅಂತ ಕಟಲ್ ಬೋನ್ ಅನ್ನುವ ಕಡಲ ಜೀವಿಯ ಬಿಳಿ ಚಿಪ್ಪು, ಒಂದೆರಡು ನುಗ್ಗೆ ಸೊಪ್ಪಿನ ಕಡ್ಡಿ.

ನನ್ನನ್ನೂ ಮಗನನ್ನೂ ಹತ್ತಿರ ಬಿಡುತ್ತಿರಲಿಲ್ಲ, ಕಚ್ಚಿ ರಕ್ತ ಬರಿಸಿದಳು. ಇವರು ತೋಟದಿಂದ ಬಂದು, ಒದ್ದೆ ಜರ್ಕಿನ್ ತೆಗೆದು, ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತು ನವಣೆ ತೆನೆ ಹಿಡಿದರೆ ಮಾತ್ರ ಕತ್ತು ಚಾಚಿ ತಿನ್ನುತ್ತಿದ್ದಳು. ದಿನಕ್ಕೆ ಮೂರು ಸಲ, ಮಧ್ಯಾಹ್ನದ ಊಟದ ಬಿಡುವಿನಲ್ಲೂ. ಡಾಕ್ಟ್ರಿಗೆ ಹೇಳಿದೆ. "ಬೆನ್ನು ಮಾತ್ರ ಮುಟ್ಟಬೇಡಿ ಅನ್ನಿ, ಬಾಕಿ ಡ್ಯೂಟಿ ಸರಿಯಾಗೇ ಮಾಡ್ತಿದ್ದಾರೆ" ಅಂದರು.

ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಪಕ್ಕದ ಮನೆ ಅಕ್ಕ ಮದ್ದು ಸೊಪ್ಪಿನ ಪಾಯಸ ತಂದರು. ಹಕ್ಕಿಗೂ ಒಂದು ಹನಿ ಕೊಡು, ಹದಿನೆಂಟು ಬಗೆ ಔಷಧಿ ಇದೆ ಇದರಲ್ಲಿ ಅಂದರು. ಬೆಣ್ಣೆಹಣ್ಣು ನೆನಪಾಗಿ ನಾನೇ ಪೂರ್ತಿ ಕುಡಿದೆ. ಹೋಗುವಾಗ ಅವರು ತಕ್ಕಡಿಯನ್ನೂ ವಾಪಸ್ ಕೇಳಿದರು, ಆರ್ಡರ್ ಇದೆಯಂತೆ. ಬೇರೆ ಒಂದು 350 ರೂಪಾಯಿಗೆ ತರಿಸಿದೆವು.

ಮೊದಲ ಮೊಟ್ಟೆ ಇಟ್ಟ ಇಪ್ಪತ್ತೆರಡನೇ ದಿನ ಬೆಳಗ್ಗೆ ಕಂಬಳಿ ತೆಗೆದರೆ ಮೂಲೆ ಖಾಲಿ. ಅವಳು ಮೇಲಿನ ಕಡ್ಡಿಯಲ್ಲಿ ಕೂತು ರೆಕ್ಕೆ ಬಿಡಿಸಿ ಮೈ ಮುರಿಯುತ್ತಿದ್ದಳು. ನಾಲ್ಕು ಮೊಟ್ಟೆಯೂ ತಣ್ಣಗಿತ್ತು. ಇನ್ನೂ ಎರಡು ದಿನ ಬಿಟ್ಟು ತೆಗೆದೆವು, ತಿರುಗಿಯೂ ನೋಡಲಿಲ್ಲ. ಬಟ್ಟಲ ಹತ್ತಿರ ಅವಳೇ ಬಂದಳು. ನಾನು ಊದಿದೆ. ಹೊಟ್ಟೆಲ್ಲ ಹಾರಿ ಮುಖಕ್ಕೆ ಬಂತು.

ಇವತ್ತಿನ ತೂಕ 37 ಗ್ರಾಂ. ಮೂಗಿನ ಕಂದು ಸಿಪ್ಪೆ ಎದ್ದು ಕೆಳಗಿನ ತಿಳಿ ಬಣ್ಣ ಕಾಣುತ್ತಿದೆ. ಸಂಜೆ ಆರಕ್ಕೆ ಈಗಲೂ ಕಂಬಳಿ ಬೀಳುತ್ತದೆ. ಗಂಬೂಟುಗಳನ್ನು ಬಾಗಿಲ ಹಿಂದೆ ಎರಡು ಮೊಳೆಗೆ ತಲೆಕೆಳಗಾಗಿ ನೇತುಹಾಕಿದ್ದೇವೆ. ಇವರು ಮಾತ್ರ ತೋಟದಿಂದ ಬಂದ ಕೂಡಲೇ ಕೈ ತೊಳೆದು ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂರುವುದನ್ನು ಬಿಟ್ಟಿಲ್ಲ.